ಅಂಕಿತವಿಲ್ಲದ ಹಾಡು: ಥಾಣೆ ಸೀಮೆಯ ಧವಳಗೀತೆ ಮತ್ತು ಹಾಡುಗಾರ್ತಿಯ ಹೆಸರು

1. ವಿಷಯ ಪ್ರವೇಶ

ಆಸ್ಥಾನ, ದೇವಾಲಯ, ಘರಾಣೆ, ಅಕಾಡೆಮಿ, ಧ್ವನಿಮುದ್ರಣ ಸಂಸ್ಥೆ ಇವುಗಳಲ್ಲಿ ಯಾವುದರ ಆಶ್ರಯವೂ ಇಲ್ಲದೆ ಹಾಡುವ ಕಲಾವಿದರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಅಂಥವರನ್ನು ಗುರುತಿಸುವವರು ಯಾರು, ಅವರ ವಿಷಯ ಒಬ್ಬರಿಂದ ಇನ್ನೊಬ್ಬರಿಗೆ ತಲುಪುವುದು ಹೇಗೆ, ತಲುಪಿದ ಮೇಲೆ ಅವರ ಹೆಸರು ಉಳಿಯುತ್ತದೆಯೇ ಎಂಬ ಪ್ರಶ್ನೆಗಳನ್ನು ನಮ್ಮ ಸಾಹಿತ್ಯ ಚರಿತ್ರೆಗಳಾಗಲಿ ಸಂಗೀತ ಚರಿತ್ರೆಗಳಾಗಲಿ ಅಪರೂಪಕ್ಕೆ ಕೇಳಿವೆ. ಕೇಳುಗನ ಅಭಿರುಚಿಯನ್ನು ಲೆಕ್ಕಹಾಕಿ ಮುಂದಿನ ಹಾಡನ್ನು ಯಂತ್ರವೇ ಶಿಫಾರಸು ಮಾಡುವ ಇಂದಿನ ಕಾಲದಲ್ಲಿ ಈ ಪ್ರಶ್ನೆಗಳು ಹೊಸದಾಗಿ ಹುಟ್ಟಿದವುಗಳಂತೆ ತೋರುತ್ತವೆ. ವಾಸ್ತವವಾಗಿ ಅವು ಕನಿಷ್ಠ ಒಂಬೈನೂರು ವರ್ಷ ಹಳೆಯವು. ಪ್ರಸ್ತುತ ಲೇಖನದಲ್ಲಿ ಮಹಾರಾಷ್ಟ್ರದ ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿ ಮುಂಬಯಿ ಪರಿಸರದ ಆಗರಿ ಸಮುದಾಯದ ಮದುವೆಗಳಲ್ಲಿ ಧವಳೆ ಎಂಬ ಹಾಡುಗಳನ್ನು ಹಾಡುವ ಸ್ತ್ರೀಯರನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸಲು ಪ್ರಯತ್ನಿಸಿದ್ದೇವೆ.

ಈ ಪರಿಶೀಲನೆಗೆ ಪ್ರೇರಣೆಯಾದದ್ದು ನಮ್ಮದೇ ಒಂದು ತಪ್ಪು. 1996ರಲ್ಲಿ, ಸಂಶೋಧನ ವಿದ್ಯಾರ್ಥಿಯಾಗಿದ್ದಾಗ, ಮುಂಬಯಿಯ ಗ್ರಂಥಾಲಯಗಳನ್ನು ನೋಡುವುದಕ್ಕಾಗಿ ನಾವು ಡೊಂಬಿವಲಿಯಲ್ಲಿದ್ದ ಸೋದರತ್ತೆಯ ಮನೆಯಲ್ಲಿ ಕೆಲವು ವಾರ ಉಳಿದಿದ್ದೆವು. ಆಗ ನೆರೆಹೊರೆಯವರ ಕರೆಯ ಮೇರೆಗೆ ಸಮೀಪದ ಹಳ್ಳಿಯೊಂದರ ಆಗರಿ ಮದುವೆಗೆ ಹೋಗಿ, ಅಲ್ಲಿ ಕೇಳಿದ ಹಾಡುಗಳನ್ನು ಒಂದು ಕ್ಯಾಸೆಟ್ಟಿನಲ್ಲಿ ಮುದ್ರಿಸಿಕೊಂಡೆವು. ವಿಧಿಗಳ ಕ್ರಮ, ಹಾಡುಗಳ ಸಂಖ್ಯೆ, ಪಲ್ಲವಿಯ ಸ್ವರೂಪ ಎಲ್ಲವನ್ನೂ ಟಿಪ್ಪಣಿ ಪುಸ್ತಕದಲ್ಲಿ ಶ್ರದ್ಧೆಯಿಂದ ಬರೆದುಕೊಂಡೆವು. ‘ಹಾಡಿದವರು’ ಎಂಬ ಅಂಕಣದಲ್ಲಿ ಮಾತ್ರ ‘ಸ್ಥಳೀಯ ಹೆಂಗಸು, ಸುಮಾರು 60 ವರ್ಷ’ ಎಂದು ಬರೆದಿದೆ. ಅಕ್ಷರ ನಮ್ಮದೇ. ಹೆಸರನ್ನು ಕೇಳಬೇಕೆಂದು ಅಂದು ನಮಗೆ ಅನ್ನಿಸಲಿಲ್ಲ. ಮಧ್ಯಕಾಲೀನ ಕಾವ್ಯಗಳಲ್ಲಿ ಒಂದು ಅಂಕಿತದ ನಿಜಸ್ಥಿತಿಗಾಗಿ ಹತ್ತು ಹಸ್ತಪ್ರತಿಗಳನ್ನು ತಿರುವಿಹಾಕುತ್ತಿದ್ದವರು ಎದುರಿಗೆ ಕುಳಿತು ಹಾಡಿದವರ ಹೆಸರನ್ನು ಕೇಳದೆ ಬಂದೆವು. ಈ ಮರೆವು ನಮ್ಮೊಬ್ಬರದೇ ಅಲ್ಲ, ಅದಕ್ಕೆ ದೀರ್ಘವಾದ ಪರಂಪರೆಯಿದೆ ಎಂಬುದು ಮುಂದಿನ ವಿವೇಚನೆಯಿಂದ ತಿಳಿಯುತ್ತದೆ.

2. ಸೀಮೆಯ ಹಿನ್ನೆಲೆ

ಕರ್ನಾಟಕದ ಹೊರಗಿನ ಸಂಶೋಧಕರಿಗೆ ಒಂದು ಸ್ಪಷ್ಟನೆ ಅಗತ್ಯ. ಈ ಲೇಖನದಲ್ಲಿ ಎರಡು ಕಲ್ಯಾಣಗಳು ಬರುತ್ತವೆ. ಒಂದು, ಉಲ್ಹಾಸ ನದಿಯ ದಂಡೆಯ ಪ್ರಾಚೀನ ಬಂದರು. ಇಂದು ಥಾಣೆ ಜಿಲ್ಲೆಯ ದೊಡ್ಡ ರೈಲ್ವೆ ಜಂಕ್ಷನ್. ಇನ್ನೊಂದು, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ, ಚಾಲುಕ್ಯರ ರಾಜಧಾನಿ. ಹೆಸರಿನ ಸಾಮ್ಯವನ್ನು ಬಿಟ್ಟರೆ ಇವೆರಡೂ ಬೇರೆ ಬೇರೆ ಊರುಗಳು. ಆದರೆ ನಮ್ಮ ವಿಷಯದ ಮಟ್ಟಿಗೆ ಇವೆರಡನ್ನೂ ಕೂಡಿಸುವ ಒಂದು ಎಳೆಯಿದೆ.

ಶಾಸನಗಳ ಸ್ಥಾನಕವೇ ಇಂದಿನ ಥಾಣೆ. ಉತ್ತರ ಕೊಂಕಣವನ್ನು ಸುಮಾರು 9ರಿಂದ 13ನೆಯ ಶತಮಾನದವರೆಗೆ ಆಳಿದ ಶಿಲಾಹಾರರಿಗೆ ಇದು ಮುಖ್ಯ ನಗರವಾಗಿತ್ತು. ತಾವು ತಗರಪುರದಿಂದ, ಅಂದರೆ ಈಗಿನ ಧಾರಾಶಿವ ಜಿಲ್ಲೆಯ ತೇರ್ ಎಂಬ ಊರಿನಿಂದ, ಬಂದವರೆಂದು ಅವರು ಬಿರುದುಗಳಲ್ಲಿ ಹೇಳಿಕೊಂಡಿದ್ದಾರೆ. ಮೊದಲಿಗೆ ಅವರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿದ್ದರು. ಕಾನ್ಹೇರಿಯ ಗುಹೆಗಳಲ್ಲಿರುವ 9ನೆಯ ಶತಮಾನದ ಶಾಸನಗಳು ಅಮೋಘವರ್ಷನ ಆಳ್ವಿಕೆಯನ್ನೂ ಅವನ ಅಧೀನದಲ್ಲಿ ಕೊಂಕಣವನ್ನಾಳುತ್ತಿದ್ದ ಪುಲ್ಲಶಕ್ತಿ ಮತ್ತು ಕಪರ್ದಿಯರನ್ನೂ ಉಲ್ಲೇಖಿಸುತ್ತವೆ. ಕಲ್ಯಾಣದ ನೆರೆಯ ಅಂಬರನಾಥ ದೇವಾಲಯದ ಶಾಸನವು ಶಕವರ್ಷ 982ಕ್ಕೆ, ಎಂದರೆ ಕ್ರಿ.ಶ. 1060ಕ್ಕೆ, ಸೇರಿದ್ದು ಶಿಲಾಹಾರ ಮುಮ್ಮುಣಿಯ ಕಾಲದ್ದು.

ಕಾನ್ಹೇರಿಯ ಶಾಸನಗಳಲ್ಲಿ ಕಾಣುವ ಅಮೋಘವರ್ಷನ ಆಸ್ಥಾನದಲ್ಲಿಯೇ ಕನ್ನಡದ ಮೊದಲ ಉಪಲಬ್ಧ ಗ್ರಂಥವಾದ ಕವಿರಾಜಮಾರ್ಗ ರಚಿತವಾಯಿತು. ಅದು ವಿಮಲೋದಯ, ನಾಗಾರ್ಜುನ, ದುರ್ವಿನೀತ ಮೊದಲಾದ ಗದ್ಯಕಾರರನ್ನೂ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಮೊದಲಾದ ಪದ್ಯಕಾರರನ್ನೂ ಹೆಸರಿಸುತ್ತದೆ. ಇವರಲ್ಲಿ ಹಲವರ ಕೃತಿಯ ಒಂದು ಸಾಲೂ ಇಂದು ನಮಗೆ ಉಳಿದಿಲ್ಲ, ಹೆಸರು ಉಳಿದಿದೆ. ಅದೇ ಗ್ರಂಥ ಚತ್ತಾಣ, ಬೆದಂಡೆಗಳೆಂಬ ದೇಸಿ ಪ್ರಕಾರಗಳನ್ನು ಹೇಳುತ್ತದೆ. ಓದಿಲ್ಲದಿದ್ದರೂ ಕಾವ್ಯಪ್ರಯೋಗದಲ್ಲಿ ಬಲ್ಲಿದರಾದ ನಾಡವರನ್ನು ಮನಸಾರೆ ಮೆಚ್ಚುತ್ತದೆ. ಆದರೆ ಆ ನಾಡವರಲ್ಲಿ ಒಬ್ಬರ ಹೆಸರನ್ನೂ ಅದು ಹೇಳುವುದಿಲ್ಲ. ಬರೆದವನಿಗೆ ಹೆಸರು, ಹಾಡಿದವರಿಗೆ ಸಾಮೂಹಿಕ ಪ್ರಶಂಸೆ ಎಂಬ ವಿಭಜನೆ ನಮ್ಮ ಮೊದಲ ಗ್ರಂಥದಲ್ಲಿಯೇ ಇದೆ.

3. ಸೋಮೇಶ್ವರನ ಶಿಫಾರಸು

ಎರಡನೆಯ ಕಲ್ಯಾಣದಲ್ಲಿ, ಕ್ರಿ.ಶ. 1129ರ ಸುಮಾರಿಗೆ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವನ್ನು ರಚಿಸಿದನು. ಅಭಿಲಷಿತಾರ್ಥಚಿಂತಾಮಣಿ ಎಂಬ ಹೆಸರೂ ಉಳ್ಳ ಈ ಸಂಸ್ಕೃತ ಗ್ರಂಥದಲ್ಲಿ ನೂರು ಅಧ್ಯಾಯಗಳಿವೆ. ಅರಸನು ಕಾಲ ಕಳೆಯತಕ್ಕ ವಿನೋದಗಳನ್ನು ಹೇಳುವ ಭಾಗದಲ್ಲಿ ಗೀತವಿನೋದದ ಪ್ರಕರಣವೂ ಇದೆ. ಅಲ್ಲಿ ಯಾವ ಸಂದರ್ಭಕ್ಕೆ ಯಾವ ಹಾಡು ಸಲ್ಲುತ್ತದೆ ಎಂಬುದನ್ನು ಸೋಮೇಶ್ವರನು ನಿರ್ದೇಶಿಸುತ್ತಾನೆ: ಕಥೆಗಳಿಗೆ ಷಟ್ಪದಿ, ವಿವಾಹಕ್ಕೆ ಧವಳ, ಉತ್ಸವಕ್ಕೆ ಮಂಗಳ, ಯೋಗಿಗಳಿಗೆ ಚರ್ಯಾ; ಮಹಾರಾಷ್ಟ್ರದಲ್ಲಿ ಧಾನ್ಯ ಕುಟ್ಟುವಾಗ ಸ್ತ್ರೀಯರು ಹಾಡತಕ್ಕದ್ದು ಓವಿ.

ಈ ಪಟ್ಟಿಯನ್ನು ಕನ್ನಡ ವಿದ್ವಾಂಸರು ಷಟ್ಪದಿಯ ಪ್ರಾಚೀನತೆಗಾಗಿಯೂ ಮರಾಠಿ ವಿದ್ವಾಂಸರು ಓವಿಯ ಪ್ರಾಚೀನತೆಗಾಗಿಯೂ ಉಲ್ಲೇಖಿಸುತ್ತ ಬಂದಿದ್ದಾರೆ. ಇವೆರಡರ ನಡುವೆ ಕುಳಿತಿರುವ ಧವಳವನ್ನು ಎರಡೂ ಕಡೆಯವರು ಅಷ್ಟಾಗಿ ಗಮನಿಸಿದಂತಿಲ್ಲ. ಷಟ್ಪದಿಯು ರಾಘವಾಂಕ, ಕುಮಾರವ್ಯಾಸರ ಕೈಗೆ ಬಂದು ಮಹಾಕಾವ್ಯದ ವಾಹನವಾಯಿತು. ಓವಿಯು ಜ್ಞಾನೇಶ್ವರರ ಕೈಗೆ ಬಂದು ತತ್ತ್ವದ ವಾಹನವಾಯಿತು. ಧವಳವು ಮಾತ್ರ ಹೆಚ್ಚಾಗಿ ಮದುವೆಯ ಚಪ್ಪರದಲ್ಲಿಯೇ, ಹೆಣ್ಣುಮಕ್ಕಳ ಬಾಯಲ್ಲಿಯೇ ಉಳಿಯಿತು. ನಮ್ಮ ದೃಷ್ಟಿಯಲ್ಲಿ ಇದು ಹಿಂದುಳಿಕೆಯಲ್ಲ. ತನ್ನ ಕೆಲಸವನ್ನು ಬಿಡದೆ ಇದ್ದುದರ ಲಕ್ಷಣ.

13ನೆಯ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನ ಸಂಗೀತರತ್ನಾಕರದಲ್ಲಿಯೂ ತ್ರಿಪದಿ, ಷಟ್ಪದಿ, ಧವಳ, ಮಂಗಳ, ಓವಿಗಳು ವಿಪ್ರಕೀರ್ಣ ಪ್ರಬಂಧಗಳೆಂಬ ಒಂದೇ ವರ್ಗದಲ್ಲಿ ಸೇರಿವೆ. ಧವಳಕ್ಕೆ ಕೀರ್ತಿ, ವಿಜಯ, ವಿಕ್ರಮ ಎಂಬ ಮೂರು ಭೇದಗಳನ್ನು ಕೊಟ್ಟ ಅನಂತರ, ಲೋಕದ ರೂಢಿಯಂತೆಯೂ ಅದನ್ನು ಹಾಡಬಹುದೆಂದು ಶಾರ್ಙ್ಗದೇವನು ಅವಕಾಶವೀಯುತ್ತಾನೆ. ಶಾಸ್ತ್ರವು ತನ್ನ ಹೊರಗಿನ ಹಾಡನ್ನು ಒಪ್ಪಿಕೊಂಡ ಅಪೂರ್ವ ಸ್ಥಳಗಳಲ್ಲಿ ಇದೊಂದು. ಆದರೆ ಅದೇ ಗ್ರಂಥದಲ್ಲಿ ಗಾಯನಿಯ ಲಕ್ಷಣವನ್ನು ಹೇಳುವಾಗ ರೂಪ, ಯೌವನಗಳಿಗೆ ಮೊದಲ ಸ್ಥಾನ ದೊರೆತಿದೆ. ಶಾಸ್ತ್ರಕಾರನು ಹಾಡಿನ ಬಾಗಿಲನ್ನು ಲೋಕಕ್ಕೆ ತೆರೆದಿಟ್ಟನು. ಹಾಡುಗಾರ್ತಿಯ ಬಾಗಿಲನ್ನು ತೆರೆಯಲಿಲ್ಲ. ಅರವತ್ತು ದಾಟಿದ, ದನಿ ಒರಟಾದ, ನೂರು ಮದುವೆಗಳ ವಿಧಿ ಬಾಯಿಗೆ ಬರುವ ಹಿರಿಯಳು ಆ ಲಕ್ಷಣದೊಳಗೆ ಸೇರಲಾರಳು.

ಧವಳ ಹಾಡಿದವರಲ್ಲಿ ಹೆಸರು ಉಳಿದವರು ಇಲ್ಲವೆಂದಲ್ಲ. 13ನೆಯ ಶತಮಾನದ ಉತ್ತರಾರ್ಧದಲ್ಲಿ ಚಕ್ರಧರ ಸ್ವಾಮಿಗಳ ಶಿಷ್ಯೆಯಾದ ಮಹದಂಬೆಯು ರಿದ್ಧಪುರದಲ್ಲಿ ಗೋವಿಂದಪ್ರಭುವಿನ ವಿವಾಹೋತ್ಸವದ ಸಂದರ್ಭದಲ್ಲಿ ಹಾಡಿದ ‘ಧವಳೆ’ಗಳು ಮರಾಠಿಯಲ್ಲಿ ಪ್ರಸಿದ್ಧವಾಗಿವೆ, ಆಕೆಯನ್ನು ಮರಾಠಿಯ ಆದ್ಯ ಕವಯಿತ್ರಿಯೆಂದು ಗೌರವಿಸಲಾಗಿದೆ. ಆಕೆಯ ಹೆಸರು ಉಳಿದುದಕ್ಕೆ ಕಾರಣ ಹಾಡಿನ ಗುಣವೊಂದೇ ಅಲ್ಲ. ಮಹಾನುಭಾವ ಪಂಥದವರು ಬರೆದಿಡುವವರಾಗಿದ್ದರು. ಅಂದು ಇತರ ಊರುಗಳ ಇತರ ಮದುವೆಗಳಲ್ಲಿಯೂ ಧವಳೆ ಹಾಡಿದ ಸ್ತ್ರೀಯರು ಇದ್ದೇ ಇರಬೇಕು. ಅವರ ಬಳಿ ಲೇಖಕರಿರಲಿಲ್ಲ.

ಶಾಸನಗಳ ಸಾಕ್ಷ್ಯವೂ ಇದನ್ನೇ ಸೂಚಿಸುತ್ತದೆ. 8ನೆಯ ಶತಮಾನದ ಪಟ್ಟದಕಲ್ಲಿನಲ್ಲಿ ನಟ ಅಚಲನ ಹೆಸರು ಕಲ್ಲಿನ ಮೇಲಿದೆ. ಅಲ್ಲಿಯೇ ಗಂಧರ್ವರಿಗೆ, ಎಂದರೆ ಗಾಯಕರಿಗೆ, ಕೊಟ್ಟ ದತ್ತಿಯನ್ನು ರಾಣಿ ಲೋಕಮಹಾದೇವಿ ಮುಂದುವರಿಸಿದ ಉಲ್ಲೇಖವಿದೆ. ಭೂಮಿಯ ಒಡೆತನ ಅಥವಾ ದೇವಾಲಯದ ಸೇವೆ ಎಲ್ಲಿದೆಯೋ ಅಲ್ಲಿ ಕಲಾವಿದರು ಬರಹದೊಳಕ್ಕೆ ಬರುತ್ತಾರೆ. ಒಂದು ಸೀರೆ, ಒಂದಿಷ್ಟು ಅಕ್ಕಿ, ಒಂದು ತೆಂಗಿನಕಾಯಿಯನ್ನು ಸಂಭಾವನೆಯಾಗಿ ಪಡೆದು ಮನೆಗೆ ಹೋಗುವವಳಿಗಾಗಿ ಯಾರೂ ಕಲ್ಲು ಕೆತ್ತಿಸುವುದಿಲ್ಲ.

4. ಧವಲಾರಿಣಿ

ಆಗರಿ ಸಮುದಾಯದವರು ಥಾಣೆ, ರಾಯಗಡ ಮತ್ತು ಮುಂಬಯಿ ಪರಿಸರದ ಮೂಲನಿವಾಸಿಗಳಲ್ಲಿ ಪ್ರಮುಖರು. ಉಪ್ಪಿನ ಪಾತಿಗೆ ಮರಾಠಿಯಲ್ಲಿ ಆಗರ ಎಂದು ಹೆಸರು. ಆ ಕಸುಬಿನಿಂದ ಸಮುದಾಯಕ್ಕೆ ಹೆಸರು ಬಂದಿತೆಂದು ಹೇಳುತ್ತಾರೆ. ಉಪ್ಪು ತೆಗೆಯುವುದರೊಡನೆ ಭತ್ತದ ಬೇಸಾಯವೂ ಮೀನುಗಾರಿಕೆಯೂ ಇವರ ವೃತ್ತಿಗಳಾಗಿದ್ದವು. 1882ರಲ್ಲಿ ಪ್ರಕಟವಾದ ಥಾಣೆ ಜಿಲ್ಲೆಯ ಗ್ಯಾಸೆಟಿಯರ್ ಇವರ ಬಗೆಗೆ ವಿವರಗಳನ್ನು ಕೊಡುತ್ತದೆ.

ಇವರ ಮದುವೆಯಲ್ಲಿ ಧವಳೆ ಹಾಡುವವಳನ್ನು ಮರಾಠಿಯಲ್ಲಿ ಧವಲಾರೀಣ ಎನ್ನುತ್ತಾರೆ. ಕನ್ನಡದ ಜಾಯಮಾನಕ್ಕೆ ಒಗ್ಗುವಂತೆ ಇಲ್ಲಿ ಧವಲಾರಿಣಿ ಎಂದು ಬರೆದಿದ್ದೇವೆ. ಹಳಗನ್ನಡ ಕಾವ್ಯಗಳಲ್ಲಿ ಬರುವ ‘ಧವಳಾರ’ ಎಂಬುದು ಬೆಳ್ಳನೆಯ ಮಾಡವನ್ನು ಹೇಳುವ ಬೇರೆ ಶಬ್ದ, ಎರಡನ್ನೂ ಬೆರೆಸಬಾರದು. ಧವಲಾರಿಣಿಯು ಕೇವಲ ಹಾಡುಗಾರ್ತಿಯಲ್ಲ. ಧಾನ್ಯ ಕುಟ್ಟುವುದು, ಚಪ್ಪರ ಹಾಕುವುದು, ಅರಿಶಿನ ಹಚ್ಚುವುದು ಮೊದಲಾದ ಒಂದೊಂದು ವಿಧಿಗೂ ಒಂದೊಂದು ಹಾಡಿದೆ. ಹಾಡು ಮುಂದೆ ಸಾಗಿದಂತೆ ವಿಧಿಯೂ ಮುಂದೆ ಸಾಗುತ್ತದೆ. ಪುರೋಹಿತರಿಲ್ಲದೆ ಧವಲಾರಿಣಿಯೇ ಮದುವೆಯನ್ನು ನಡೆಸಿಕೊಡುತ್ತಿದ್ದ ಕಾಲವನ್ನು ಸಮುದಾಯದ ಹಿರಿಯರು ನೆನೆಯುತ್ತಾರೆ.

1996ರ ಆ ಮದುವೆಯ ಅರಿಶಿನದ ಸಂಜೆಯಲ್ಲಿ ನಾವು ಕಂಡದ್ದನ್ನು ಸಂಕ್ಷೇಪವಾಗಿ ಹೇಳಬಹುದು. ಹಿರಿಯಳು ಒಂದು ಸಾಲನ್ನು ಎತ್ತಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕುಳಿತ ಜೊತೆಗಾರ್ತಿ ಅದರ ಕೊನೆಯನ್ನು ಹಿಡಿದು ಮತ್ತೆ ಹೇಳುತ್ತಿದ್ದಳು. ಊರದೇವತೆಗಳನ್ನು ಒಬ್ಬೊಬ್ಬರನ್ನಾಗಿ ಮದುವೆಗೆ ಕರೆಯಲಾಯಿತು. ಕಾರ್ಲೆಯ ಏಕವೀರೆಯನ್ನೂ ಕರೆಯಲಾಯಿತು. ವಾದ್ಯವಿರಲಿಲ್ಲ. ಯಾವುದೋ ಒಂದು ಹಂತದಲ್ಲಿ ಹುಡುಗರು ಧ್ವನಿವರ್ಧಕದಲ್ಲಿ ಚಲನಚಿತ್ರ ಗೀತೆಯನ್ನು ಹಾಕಿದರು. ಹಿರಿಯಳು ದನಿ ಏರಿಸಲಿಲ್ಲ, ನಿಲ್ಲಿಸಲೂ ಇಲ್ಲ. ಹಾಡು ಮುಗಿಯದೆ ವಿಧಿ ಮುಗಿಯದು, ವಿಧಿ ಮುಗಿಯದೆ ಊಟಕ್ಕೆ ಎಲೆ ಬೀಳದು ಎಂಬುದು ಎಲ್ಲರಿಗೂ ತಿಳಿದಿತ್ತು. ಸ್ವಲ್ಪ ಹೊತ್ತಿನಲ್ಲಿ ಹುಡುಗರೇ ಧ್ವನಿವರ್ಧಕವನ್ನು ಆರಿಸಿದರು.

ವಿಧಿ ಮುಗಿದ ಮೇಲೆ ಸೋದರತ್ತೆಯು ಆಕೆಯೊಡನೆ ಮರಾಠಿಯಲ್ಲಿ ಮಾತಿಗೆ ಕುಳಿತರು. ನಮ್ಮ ಮನೆಗಳಲ್ಲಿ ವಾದಿರಾಜರ ಲಕ್ಷ್ಮೀ ಶೋಭಾನೆ ಹಾಡುವ ಪದ್ಧತಿಯನ್ನೂ ಹಳ್ಳಿಗಳ ಸೋಬಾನೆ ಪದಗಳನ್ನೂ ವಿವರಿಸಿದರು. ಕೇಳಿಯಾದ ಮೇಲೆ ಹಿರಿಯಳು ಒಂದೇ ಪ್ರಶ್ನೆ ಹಾಕಿದಳು: ‘ನಿಮ್ಮಲ್ಲಿ ಮೊದಲು ಯಾವ ದೇವರನ್ನು ಕರೆಯುತ್ತೀರಿ, ಆಮೇಲೆ ಯಾರನ್ನು?’ ಈ ಪ್ರಶ್ನೆಯ ಮಹತ್ವ ನಮಗೆ ಅಂದು ತಿಳಿಯಲಿಲ್ಲ. ತೌಲನಿಕ ಅಧ್ಯಯನದಲ್ಲಿ ಮೊದಲು ನೋಡತಕ್ಕದ್ದು ಆಹ್ವಾನದ ಕ್ರಮವನ್ನು ಎಂಬ ವಿಧಾನವನ್ನು ಆಕೆ ಒಂದು ಮಾತಿನಲ್ಲಿ ಹೇಳಿದ್ದಳು. ಟಿಪ್ಪಣಿ ಪುಸ್ತಕದಲ್ಲಿ ಆ ಪ್ರಶ್ನೆಯಿದೆ, ಕೇಳಿದವಳ ಹೆಸರಿಲ್ಲ.

ಇಂಥ ಧವಲಾರಿಣಿಯನ್ನು ಜನ ಹುಡುಕುತ್ತಿದ್ದುದು ಹೇಗೆ? ನೆರೆಯ ಗೃಹಿಣಿ ತಿಳಿಸಿದಂತೆ, ಅದಕ್ಕೆ ಪ್ರಚಾರವಿರಲಿಲ್ಲ, ದರಪಟ್ಟಿಯಿರಲಿಲ್ಲ. ಒಂದು ಮದುವೆಗೆ ಬಂದ ಬೀಗರು ಇನ್ನೊಂದು ಊರಿಗೆ ಹೋಗಿ, ಆಕೆಗೆ ಹಾಡುಗಳು ಎಷ್ಟು ಬರುತ್ತವೆ, ನಡುವೆ ಮರೆಯುತ್ತಾಳೆಯೇ, ಬಡವರ ಮನೆಗೂ ಅದೇ ಶ್ರದ್ಧೆಯಿಂದ ಬರುತ್ತಾಳೆಯೇ ಎಂಬುದನ್ನು ಹೇಳುತ್ತಿದ್ದರು. ಶಿಫಾರಸು ಮಾಡಿದವಳ ಮಾತಿನ ಮೇಲೆ ಒಂದು ಮನೆಯ ಮಂಗಳಕಾರ್ಯವೇ ನಿಂತಿರುತ್ತಿತ್ತಾದುದರಿಂದ ಶಿಫಾರಸು ಹಗುರವಾದ ಮಾತಾಗಿರಲಿಲ್ಲ. ಈ ವ್ಯವಸ್ಥೆಯಲ್ಲಿ ಹಾಡುಗಾರ್ತಿಯನ್ನು ಊರಿನ ಹೆಸರಿನಿಂದಲೋ ಮನೆಯ ಹೆಸರಿನಿಂದಲೋ ಗುರುತಿಸುತ್ತಿದ್ದರು. ಊರು ಊರಾಗಿ ಇರುವವರೆಗೆ ಅದು ಸಾಕಾಗುತ್ತಿತ್ತು.

5. ಊರು ನಗರವಾದಾಗ

ಊರು ಊರಾಗಿ ಉಳಿಯಲಿಲ್ಲ. 1970ರ ಮಾರ್ಚಿಯಲ್ಲಿ ಸಿಡ್ಕೋ ಸ್ಥಾಪನೆಯಾಗಿ ನವಿ ಮುಂಬಯಿಯ ನಿರ್ಮಾಣ ಆರಂಭವಾಯಿತು. ಥಾಣೆ, ಪನವೇಲ್, ಉರಣ್ ಭಾಗಗಳ 95 ಹಳ್ಳಿಗಳ ಭೂಮಿ ಆ ಯೋಜನೆಗೆ ಒಳಪಟ್ಟಿತು. ನ್ಯಾಯವಾದ ಪರಿಹಾರಕ್ಕಾಗಿ ದಿ. ಬಾ. ಪಾಟೀಲರ ನೇತೃತ್ವದಲ್ಲಿ ನಡೆದ 1984ರ ಜನವರಿಯ ಚಳವಳಿಯಲ್ಲಿ ಪೊಲೀಸರ ಗುಂಡಿಗೆ ಐವರು ಬಲಿಯಾದರು. ಗದ್ದೆಯೂ ಉಪ್ಪಿನ ಪಾತಿಯೂ ವಸತಿ ವಲಯಗಳಾದವು. ಹಳೆಯ ಹಳ್ಳಿಗಳು ಎತ್ತರದ ಕಟ್ಟಡಗಳ ನಡುವೆ ಗಾವಠಾಣಗಳಾಗಿ ಉಳಿದವು. ಕಲ್ಯಾಣ್ ಮತ್ತು ಡೊಂಬಿವಲಿಗಳ ಸುತ್ತಲಿನ ಹಳ್ಳಿಗಳೂ ನಗರದೊಳಗೆ ಸೇರುತ್ತ ಬಂದವು.

ಭತ್ತ ಕುಟ್ಟುವುದು ನಿಂತಾಗ ಕುಟ್ಟುವ ಹಾಡು ಬರಿಯ ಸಂಕೇತವಾಯಿತು. ಐದು ದಿನಗಳ ಮದುವೆ ಎರಡು ದಿನಕ್ಕೆ ಇಳಿದಾಗ ನಡುವಿನ ಹಾಡುಗಳಿಗೆ ಜಾಗವಿಲ್ಲವಾಯಿತು. ಅದೇ ಕಾಲಕ್ಕೆ ಕ್ಯಾಸೆಟ್ ಬಂದು ಆಗರಿ ಮತ್ತು ಕೋಳಿ ಜನರ ಕುಣಿತದ ಹಾಡುಗಳಿಗೆ ಹೊಸ ಮಾರುಕಟ್ಟೆ ತೆರೆಯಿತು. ಅವು ಅರಿಶಿನದ ಸಂಜೆಗಳನ್ನು ತುಂಬಿದವು; ಇಂದು ಅಂತರಜಾಲದ ಮೂಲಕ ಇನ್ನೂ ದೂರ ಹೋಗಿವೆ. ಇದನ್ನು ನಾವು ಅವನತಿಯೆಂದು ಕರೆಯಲಾರೆವು. ದೊಡ್ಡ ಸಂಸ್ಥೆಗಳ ಹಂಗಿಲ್ಲದೆ ತಮ್ಮ ಆಡುಮಾತಿನಲ್ಲಿ ಹಾಡಿ, ತಾವೇ ಮುದ್ರಿಸಿ, ತಾವೇ ಪ್ರಸಾರ ಮಾಡುವ ಯುವ ಕಲಾವಿದರು ಈ ಸೀಮೆಯಲ್ಲಿ ಬೆಳೆದದ್ದು ಸಣ್ಣ ಸಂಗತಿಯಲ್ಲ. ಆದರೆ ಕುಣಿಸುವ ಹಾಡು ಕಣ್ಣಿಗೆ ಬೀಳುವಷ್ಟು ಸುಲಭವಾಗಿ ನಡೆಸುವ ಹಾಡು ಕಣ್ಣಿಗೆ ಬೀಳುವುದಿಲ್ಲ. ವಿಧಿಯಿಂದ ಬಿಡಿಸಿ ಮೂರು ನಿಮಿಷಕ್ಕೆ ಕತ್ತರಿಸಿದರೆ ಧವಳೆಯಲ್ಲಿ ಉಳಿಯುವುದು ಅಲ್ಪ.

6. ಗೋಡೆಯ ಚಿತ್ರ ಮತ್ತು ಬಾಯಿಯ ಹಾಡು

ಈ ಅಂತರವನ್ನು ಸ್ಪಷ್ಟವಾಗಿ ತೋರುವ ಉದಾಹರಣೆ ಹಿಂದಿನ ಥಾಣೆ ಜಿಲ್ಲೆಯ ಉತ್ತರ ಭಾಗದಲ್ಲಿಯೇ ಇದೆ. 2014ರಿಂದ ಅದು ಪಾಲಘರ ಜಿಲ್ಲೆ. ಅಲ್ಲಿಯ ವಾರ್ಲಿ ಬುಡಕಟ್ಟಿನ ಮದುವೆಯಲ್ಲಿ ಮುತ್ತೈದೆಯರು ಗುಡಿಸಲಿನ ಒಳಗೋಡೆಯ ಮೇಲೆ ಅಕ್ಕಿ ಹಿಟ್ಟಿನಿಂದ ಚೌಕವನ್ನು ಬರೆದು ಪಾಲಘಟ ದೇವಿಯನ್ನು ಚಿತ್ರಿಸುತ್ತಾರೆ. ಧವಲೇರಿ ಎಂಬ ಹೆಸರಿನ ಹಾಡುಗಾರ್ತಿಯು ದೇವತೆಗಳನ್ನು ಕರೆದು ಹಾಡುತ್ತಾಳೆ. ಚಿತ್ರವೂ ಹಾಡೂ ಒಂದೇ ವಿಧಿಯ ಎರಡು ಅಂಗಗಳು. ಒಂದನ್ನು ಬಿಟ್ಟರೆ ಇನ್ನೊಂದು ಅಪೂರ್ಣ.

1970ರ ದಶಕದ ಆರಂಭದಲ್ಲಿ ಕಲಾವಿದ ಭಾಸ್ಕರ ಕುಲಕರ್ಣಿಯವರು ಈ ಹಳ್ಳಿಗಳಿಗೆ ಬಂದು ಚಿತ್ರಗಳನ್ನು ಗುರುತಿಸಿದರು. ಕಾಗದವನ್ನೂ ಬಣ್ಣವನ್ನೂ ಒದಗಿಸಿದರು. ಡಹಾಣು ತಾಲ್ಲೂಕಿನ ಜಿವ್ಯಾ ಸೋಮಾ ಮಾಶೆಯವರ ಪ್ರತಿಭೆ ಹೀಗೆ ಬೆಳಕಿಗೆ ಬಂದಿತು. ಅವರಿಗೆ 1976ರಲ್ಲಿ ರಾಷ್ಟ್ರಪ್ರಶಸ್ತಿ, 2011ರಲ್ಲಿ ಪದ್ಮಶ್ರೀ ಸಂದವು. 2018ರಲ್ಲಿ ಅವರು ನಿಧನರಾದರು. ಅವರ ಪ್ರತಿಭೆಯಾಗಲಿ ಕುಲಕರ್ಣಿಯವರ ದೃಷ್ಟಿಯಾಗಲಿ ಪ್ರಶ್ನಾತೀತ. ನಾವು ಗಮನಿಸಬೇಕಾದದ್ದು ಬೇರೆ. ಗೋಡೆಯಿಂದ ಕಾಗದಕ್ಕೆ ಬಂದ ಚಿತ್ರ ಜಗತ್ತನ್ನು ಸುತ್ತಿತು. ಅದೇ ಗೋಡೆಯ ಮುಂದೆ ಹಾಡುತ್ತಿದ್ದ ಧವಲೇರಿ ಅಲ್ಲಿಯೇ ಉಳಿದಳು. ಚಿತ್ರವನ್ನು ವಿಧಿಯಿಂದ ಬಿಡಿಸಿ ತೂಗುಹಾಕಬಹುದು. ಹಾಡನ್ನು ಹಾಗೆ ಬಿಡಿಸಲು ಬಾರದು. ಅದನ್ನು ಕೊಳ್ಳುವವನಿಗೆ ಭಾಷೆ ಬೇಕು, ತಾಳ್ಮೆ ಬೇಕು, ರಾತ್ರಿಯೆಲ್ಲ ಕುಳಿತುಕೊಳ್ಳುವ ಮನಸ್ಸು ಬೇಕು. ಶಿಫಾರಸಿನ ಚರಿತ್ರೆಯು ಸಾಗಿಸಲು ಸುಲಭವಾದ ವಸ್ತುಗಳ ಚರಿತ್ರೆಯೂ ಆಗಿದೆ ಎಂಬ ಕಹಿ ಸತ್ಯವನ್ನು ಇದು ಮನಗಾಣಿಸುತ್ತದೆ.

7. ಹೆಸರು ಬರೆದವರು

ಇದಕ್ಕೆ ಪ್ರತಿಯಾಗಿ ನಿಲ್ಲುವ ಉದಾಹರಣೆಗಳು ನಮ್ಮಲ್ಲಿಯೇ ಇವೆ. ಚಿತ್ರದುರ್ಗ ಜಿಲ್ಲೆಯ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಬಾರದವರು. ಸಾವಿರಾರು ಪದಗಳು ಅವರ ನೆನಪಿನಲ್ಲಿದ್ದವು. ಕೃಷ್ಣಮೂರ್ತಿ ಹನೂರರು ಆ ಹಾಡುಗಳನ್ನು ಬರೆದುಕೊಂಡಾಗ ಹಾಡಿದವರನ್ನೇ ಗ್ರಂಥದ ಕೇಂದ್ರಕ್ಕೆ ತಂದರು. ‘ಸಾವಿರದ ಸಿರಿ ಬೆಳಗು’ ಎಂಬ ಶೀರ್ಷಿಕೆಯಲ್ಲಿಯೇ ಆ ಹೆಸರು ಹೊಳೆಯುತ್ತದೆ. ಅಂಕೋಲೆಯ ಹಾಲಕ್ಕಿ ಸಮುದಾಯದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ದೊರೆಯಿತು. ತಮ್ಮ ಹಾಡಿನಿಂದ ಬಂದ ಹೆಸರನ್ನು ಅವರು ಸಾರಾಯಿ ವಿರೋಧಿ ಹೋರಾಟಕ್ಕೂ ಬಳಸಿದರು. 2025ರಲ್ಲಿ ಅವರು ತೀರಿಕೊಂಡಾಗ ಒಂದು ನಾಡು ಹೆಸರು ಹಿಡಿದು ದುಃಖಿಸಿತು. ತುಳುನಾಡಿನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ಲೌರಿ ಹೋಂಕೊ ಅವರು ಬಿ. ಎ. ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರೊಡಗೂಡಿ 1998ರಲ್ಲಿ ಪ್ರಕಟಿಸಿದರು. 15,683 ಸಾಲುಗಳ ಆ ಕೃತಿಯು ‘ಗೋಪಾಲ ನಾಯ್ಕರು ಹಾಡಿದ’ ಕೃತಿಯೆಂದೇ ವಿದ್ವತ್ ಲೋಕಕ್ಕೆ ಪರಿಚಿತವಾಗಿದೆ.

ಮಹಾರಾಷ್ಟ್ರದಲ್ಲಿ ಹೇಮಾ ರಾಯಿರಕರ್ ಮತ್ತು ಗೀ ಪೊಯ್ತೆವ್ಯಾಂ ಅವರು ಬೀಸುವ ಕಲ್ಲಿನ ಓವಿಗಳನ್ನು ಲಕ್ಷಕ್ಕೂ ಮಿಗಿಲಾಗಿ ಸಂಗ್ರಹಿಸಿದರು. ಆ ಸಂಗ್ರಹದಲ್ಲಿ ಹಾಡಿನೊಡನೆ ಹಾಡಿದವಳ ಹೆಸರನ್ನೂ ಊರನ್ನೂ ನಮೂದಿಸುವ ಕ್ರಮವಿದೆ. ಸೋಮೇಶ್ವರನು ‘ಮಹಾರಾಷ್ಟ್ರದ ಸ್ತ್ರೀಯರು’ ಎಂದಷ್ಟೇ ಹೇಳಿದಲ್ಲಿ ಈ ಸಂಗ್ರಹವು ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಗುರುತಿಸಿತು. ಪ್ರಕಾರವನ್ನು ಶಿಫಾರಸು ಮಾಡುವುದು ಮತ್ತು ಕಲಾವಿದೆಯನ್ನು ಶಿಫಾರಸು ಮಾಡುವುದು ಇವೆರಡರ ವ್ಯತ್ಯಾಸ ಇಲ್ಲಿದೆ.

ವಚನಕಾರರ ಅಂಕಿತ, ದಾಸರ ಮುದ್ರಿಕೆಗಳ ಬಗೆಗೆ ನಾವು ಸಾಕಷ್ಟು ಬರೆದಿದ್ದೇವೆ. ಅಂಕಿತವು ದೇವರಿಗೆ ಸಲ್ಲಿಸಿದ ಹೆಸರಾಗಿದ್ದರೂ ಅದು ಹಾಡಿದವರ ಗುರುತನ್ನು ಕಾಪಾಡಿತು. ಜನಪದ ತ್ರಿಪದಿಗೆ, ಸೋಬಾನೆಗೆ, ಧವಳೆಗೆ ಅಂಕಿತವಿಲ್ಲ. ಇದರಿಂದ ನಮ್ಮಲ್ಲಿ ಒಂದು ಸೋಮಾರಿತನ ಬೆಳೆದಿದೆ: ಕರ್ತೃ ಅಜ್ಞಾತವಾದುದರಿಂದ ಹಾಡುವವರೂ ಅಜ್ಞಾತರಾಗಿದ್ದರೆ ಅಡ್ಡಿಯಿಲ್ಲ ಎಂಬ ಭಾವನೆ. ಕಟ್ಟಿದವರು ಯಾರೆಂದು ತಿಳಿಯದಿರಬಹುದು. ನಮ್ಮೆದುರು ಹಾಡಿದವರು ಯಾರೆಂದು ತಿಳಿಯದಿರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

8. ಉಪಸಂಹಾರ

ಥಾಣೆಯಿಂದ ನವಿ ಮುಂಬಯಿಯವರೆಗಿನ ಈ ನಗರಗಳಲ್ಲಿ ಕನ್ನಡ ಸಂಘಗಳು ಬಹುಕಾಲದಿಂದ ನಾಟಕ, ಯಕ್ಷಗಾನ, ಭಜನೆಗಳನ್ನು ಪೋಷಿಸಿಕೊಂಡು ಬಂದಿವೆ. ಸಂಘದ ವೇದಿಕೆಗೆ ಬಾರದ ಹಾಡುಗಾರರೂ ಇಲ್ಲಿದ್ದಾರೆ. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಗಳಿಂದ ಕಟ್ಟಡದ ಕೆಲಸಕ್ಕೆ ಬಂದ ಸ್ತ್ರೀಯರು ಬೀಸುವ ಪದಗಳನ್ನು ಬೀಸುಕಲ್ಲಿಲ್ಲದೆ ಹಾಡುವುದನ್ನು ನಾವು ಕೇಳಿದ್ದೇವೆ. ತುಳುನಾಡಿನಿಂದ ಬಂದ ಹಿರಿಯರ ನೆನಪಿನಲ್ಲಿ ನಾಟಿ ಗದ್ದೆಯ ಪಾಡ್ದನಗಳಿವೆ. ಇವರೆಲ್ಲರನ್ನು ಗುರುತಿಸುವ ಕೆಲಸ ಕರ್ನಾಟಕದ ಹೊರಗಿರುವ ಕನ್ನಡ ಸಂಶೋಧಕರಿಗೆ ವಿಶೇಷವಾಗಿ ಸಲ್ಲುತ್ತದೆ. ಏಕೆಂದರೆ ಎರಡು ಭಾಷೆಗಳ ನಡುವಿನ ಇಂಥ ಹಾಡುಗಳನ್ನು ದಿನವೂ ಕೇಳುವ ಅವಕಾಶ ಅವರಿಗೇ ಹೆಚ್ಚು. ಧವಳೆ ಮತ್ತು ಸೋಬಾನೆಗಳಲ್ಲಿ ದೇವತೆಗಳನ್ನು ಕರೆಯುವ ಕ್ರಮವನ್ನು ಹೋಲಿಸುವುದು ಆ ದಿಕ್ಕಿನಲ್ಲಿ ಮೊದಲ ಹೆಜ್ಜೆಯಾಗಬಹುದು.

ಹಾಗೆ ಹೊರಟವರಿಗೆ ಕೆಲವು ಸಾಧಾರಣ ಸೂಚನೆಗಳು: ಹಾಡಿಗಿಂತ ಮೊದಲು ಹಾಡುವವರ ಹೆಸರನ್ನು ಕೇಳಿ, ಅವರು ಹೇಳುವಂತೆಯೇ ಬರೆಯುವುದು, ಯಾರಿಂದ ಕಲಿತರೆಂಬುದನ್ನು ಕೇಳುವುದು, ಯಾವ ವಿಧಿಗೆ ಯಾವ ಹಾಡು ಎಂಬ ಸಂಬಂಧವನ್ನು ಕಡಿಯದಿರುವುದು, ಮುದ್ರಿಕೆಯ ಪ್ರತಿಯನ್ನು ಆ ಮನೆಗೆ ಕೊಡುವುದು, ಹೆಸರನ್ನು ಅಚ್ಚು ಮಾಡುವ ಮೊದಲು ಒಪ್ಪಿಗೆ ಪಡೆಯುವುದು. ಕೊನೆಯ ಸೂಚನೆಯನ್ನು ನಾವು ತಡವಾಗಿ ಕಲಿತೆವು.

2018ರಲ್ಲಿ ಆ ಹಳೆಯ ಕ್ಯಾಸೆಟ್ಟಿನ ಪ್ರತಿಯನ್ನು ತೆಗೆದುಕೊಂಡು ನಾವು ಅದೇ ಹಳ್ಳಿಗೆ ಹೋದೆವು. ಗದ್ದೆಗಳಿದ್ದ ಕಡೆ ಕಟ್ಟಡಗಳಿದ್ದವು. ಅವರಿವರನ್ನು ವಿಚಾರಿಸಿ ಒಂದು ಮನೆಯನ್ನು ತಲುಪಿದೆವು. ಹಿರಿಯಳು ತೀರಿಕೊಂಡು ಅನೇಕ ವರ್ಷಗಳಾಗಿದ್ದವು. ಮುದ್ರಿಕೆಯನ್ನು ಕೇಳಿಸಿದಾಗ, ಎರಡನೆಯ ಸಾಲಿಗೇ ಸೊಸೆ ತಲೆಯ ಮೇಲೆ ಸೆರಗೆಳೆದುಕೊಂಡು ಅತ್ತೆಯ ಹೆಸರನ್ನು ಹೇಳಿದರು. ಅದನ್ನು ಟಿಪ್ಪಣಿ ಪುಸ್ತಕದ ಆ ಅಂಕಣದಲ್ಲಿ, ‘ಸ್ಥಳೀಯ ಹೆಂಗಸು’ ಎಂಬುದರ ಮೇಲೆ ಗೀಟು ಎಳೆದು, ಬರೆದುಕೊಂಡೆವು.

ಆ ಹೆಸರನ್ನು ಇಲ್ಲಿ ಕೊಟ್ಟಿಲ್ಲ. ಈಚಿನ ವರ್ಷಗಳಲ್ಲಿ ಆಗರಿ ಸಮುದಾಯದ ಯುವಕರೇ ತಮ್ಮ ಧವಲಾರಿಣಿಯರ ಹಾಡುಗಳನ್ನು ಸಂಗ್ರಹಿಸತೊಡಗಿದ್ದಾರೆ; ಆಕೆಯ ಮೊಮ್ಮಗನೂ ಅವರಲ್ಲೊಬ್ಬರು. ಅಜ್ಜಿಯ ಹೆಸರು ತಮ್ಮ ಭಾಷೆಯ, ತಮ್ಮವರ ಸಂಗ್ರಹದಲ್ಲಿ ಮೊದಲು ಅಚ್ಚಾಗಲಿ ಎಂದು ಅವರು ಕೋರಿದರು. ಆ ಕೋರಿಕೆ ನ್ಯಾಯವಾದದ್ದು. ಮುದ್ರಿಕೆಯ ಪ್ರತಿ ಅವರ ಬಳಿಯಿದೆ. ಆ ಸಂಗ್ರಹ ಹೊರಬಂದ ದಿನ ಅದನ್ನು ಕನ್ನಡ ಓದುಗರಿಗೆ ಪರಿಚಯಿಸುವುದು ನಮ್ಮ ಪಾಲಿಗೆ ಉಳಿದಿರುವ ಋಣ.